ಫಾರ್ಮ್ಯಾಟ್ ಹೊಡೆಯುವ ಮುನ್ನ ಆ ಸಾಲನ್ನು ಓದಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆಗಲೇ ತಿಂಗಳಾಗಿತ್ತು. ಬದಲಾಯಿಸದೆ ಬಿಟ್ಟಿದ್ದು ನನ್ನದೇ ಸೋಮಾರಿತನ. ಕರೆಂಟ್ ಬಂದ ಮೇಲೆ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಇರುವ ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆ, ಏಳೆಂಟು ಸಾಲು ಬಿಳಿ ಅಕ್ಷರ, ಕೊನೆಯಲ್ಲಿ ಆವರಣದೊಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ (ವ್ಯವಸ್ಥೆ ಪೂರ್ತಿ ಏಳುವ ಮೊದಲೇ ನಿಂತಿದೆ ಎಂಬ ಸೂಚನೆ), ಪಕ್ಕದಲ್ಲಿ ಮಿನುಗುವ ಕರ್ಸರ್. ಎದುರಿಗೆ ಬಾಡಿಗೆ ಕರಾರು ಪತ್ರ ಟೈಪ್ ಮಾಡಿಸಲು ಬಂದ ಇಬ್ಬರು ಮಿರ್ಚಿ ಮಂಡಕ್ಕಿ ಮುಗಿಸಿ, ಕೈ ಒರೆಸಿಕೊಂಡು ನಿಂತಿದ್ದರು.

ಹಳೆಯ ನಾನಾಗಿದ್ದರೆ ‘ಸಂಜೆ ಬನ್ನಿ ಸರ್, ಫಾರ್ಮ್ಯಾಟ್ ಹೊಡೆಯಬೇಕು’ ಎಂದುಬಿಡುತ್ತಿದ್ದೆ. ದಾವಣಗೆರೆಯ ಜಯದೇವ ವೃತ್ತದ ಆಸುಪಾಸಿನಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ವಿಂಡೋಸ್ ಕಾಲದಲ್ಲಿ ನಮಗೆಲ್ಲ ಗೊತ್ತಿದ್ದ ಔಷಧ ಅದೊಂದೇ: ಡಿಸ್ಕ್ ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವುದು. ನಿಧಾನವಾಯಿತೇ, ಫಾರ್ಮ್ಯಾಟ್. ವೈರಸ್ ಬಂತೇ, ಫಾರ್ಮ್ಯಾಟ್. ಧ್ವನಿ ಬರುತ್ತಿಲ್ಲವೇ, ಅದಕ್ಕೂ ಫಾರ್ಮ್ಯಾಟ್. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ವಿದ್ಯೆಯಲ್ಲಿ ನಾನು ಪಳಗಿದವನು.

2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಬೆಂಬಲ ನಿಂತಾಗ, ಹೊಸ ಯಂತ್ರ ಕೊಳ್ಳಲು ದುಡ್ಡಿಲ್ಲದೆ ಮೂರರಲ್ಲಿ ಎರಡು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿದೆ. ತತ್ತ್ವಕ್ಕಾಗಿ ಅಲ್ಲ, ಖರ್ಚು ಉಳಿಸಲು. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಥೆಯೂ ಹಾಗೆಯೇ ಆದ ಮೇಲೆ, ಹಳೆಯ ಲ್ಯಾಪ್‌ಟಾಪ್ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಏಳೆಂಟು ಸಾಲುಗಳನ್ನು ಓದಿದೆ. ಇಂಗ್ಲಿಷ್ ಕಠಿಣವೇನಲ್ಲ. ಡಿಸ್ಕ್‌ನ ಎಸ್‌ಡಿಎ2 ಎಂಬ ಭಾಗದಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ, ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ‘ಎಫ್‌ಎಸ್‌ಸಿಕೆ’ಯನ್ನು ನೀವೇ ಕೈಯಿಂದ ಓಡಿಸಿ ಎಂದು ಅದೇ ಹೇಳುತ್ತಿತ್ತು. ರೋಗವೂ ಅಲ್ಲೇ, ಔಷಧವೂ ಅಲ್ಲೇ. ಎಫ್‌ಎಸ್‌ಸಿಕೆ ಎಂದು ಬರೆದು, ಮುಂದೆ ಆ ಭಾಗದ ಹೆಸರನ್ನು ಸಂದೇಶದಲ್ಲಿ ಇದ್ದಂತೆಯೇ ಸೇರಿಸಿ ಎಂಟರ್ ಒತ್ತಿದೆ. ಸರಿಪಡಿಸಲೇ ಎಂದು ಕೇಳಿದಾಗಲೆಲ್ಲ ‘ವೈ’ ಒತ್ತಿ, ಕೊನೆಗೆ ‘ಎಕ್ಸಿಟ್’ ಎಂದೆ. ಎಂದಿನ ಪರದೆ ತೆರೆದುಕೊಂಡಿತು. ಕರಾರು ಪತ್ರ ಐದು ನಿಮಿಷ ತಡವಾಯಿತು, ಅಷ್ಟೇ. ಕರೆಂಟ್ ಹೋಗದೆಯೂ ಇದೇ ಸಂದೇಶ ಮತ್ತೆ ಮತ್ತೆ ಬಂದರೆ ಮಾತು ಬೇರೆ: ಡಿಸ್ಕ್ ಸಾಯುತ್ತಿರಬಹುದು. ಆಗ ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ, ರಿಪೇರಿ ಆಮೇಲೆ.

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೂ ಹೀಗೆಯೇ. ಮುಂದಿನ ಸಲ ಏನನ್ನಾದರೂ ಹಾಕಲು ಹೋದರೆ, ಡಿಪಿಕೆಜಿ ಎಂಬ, ತಂತ್ರಾಂಶಗಳನ್ನು ಹಾಕುವ ಸಾಧನದ ಕೆಲಸ ಅರ್ಧಕ್ಕೆ ನಿಂತಿದೆ ಎಂಬ ಸಾಲು ಬರುತ್ತದೆ, ಕೊಡಬೇಕಾದ ಕಮಾಂಡ್ ಕೂಡ ಅದರಲ್ಲೇ ಅಚ್ಚುಕಟ್ಟಾಗಿ ಬರೆದಿರುತ್ತದೆ. ಹೊಸಬರು ನೋಡುವುದು ‘ಎರರ್’ ಎಂಬ ಪದವನ್ನು ಮಾತ್ರ. ಅದು ಕಂಡೊಡನೆ ಕಿಟಕಿ ಮುಚ್ಚಿ ನನಗೆ ಫೋನ್ ಮಾಡುತ್ತಾರೆ. ಏನು ಬರೆದಿತ್ತು ಎಂದು ಕೇಳಿದರೆ ‘ಏನೋ ಇಂಗ್ಲಿಷಿನಲ್ಲಿ ಬಂದಿತ್ತು’ ಎಂಬ ಉತ್ತರ. ಆ ಪರದೆಯ ಫೋಟೊ ಒಂದನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಇದಕ್ಕೆ ವಿರುದ್ಧವಾದದ್ದೂ ಉಂಟು: ಸಂದೇಶವೇ ಇಲ್ಲದೆ ಗಾಬರಿಯಾಗುವುದು. ವಿದ್ಯಾನಗರದ ನಿವೃತ್ತ ಗಣಿತ ಮೇಷ್ಟ್ರೊಬ್ಬರಿಗೆ ಬೇರೊಂದು ಬಗೆಯ ಲಿನಕ್ಸ್ ಹಾಕಿಕೊಟ್ಟ ಮರುದಿನವೇ ಫೋನ್ ಬಂತು. ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಕೂತಿದ್ದರು.

‘ಏನಪ್ಪಾ, ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆದರೆ ಒಂದು ಚುಕ್ಕಿಯೂ ಬೀಳುತ್ತಿಲ್ಲವಲ್ಲ? ಕೀಬೋರ್ಡ್ ಹೋಯಿತೇನು?’

‘ಇಲ್ಲ ಮೇಷ್ಟ್ರೇ, ಅಲ್ಲಿ ಏನೂ ಕಾಣುವುದಿಲ್ಲ. ಕಾಣದಿದ್ದರೂ ಪೂರ್ತಿ ಹೊಡೆದು ಎಂಟರ್ ಒತ್ತಿ.’

‘ಕಾಣದ್ದನ್ನು ನಂಬು ಎನ್ನುತ್ತೀಯಾ?’

‘ಇದೊಂದು ಕಡೆ ನಂಬಿ ಮೇಷ್ಟ್ರೇ.’

ನನಗೆ ಅತಿ ಹೆಚ್ಚು ಹೊತ್ತು ತಿಂದದ್ದು ಗಡಿಯಾರ. ಒಂದು ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿದ್ದೆ. ವಿಂಡೋಸ್‌ನಲ್ಲಿ ಬೆಳಿಗ್ಗೆ 10.40ಕ್ಕೆ ಮುದ್ರಿಸಿದ ರಸೀದಿಯ ಮೇಲೆ 5.10 ಎಂದು ಬಂತು. ಗಿರಾಕಿ ನೋಡಿ, ‘ಇಷ್ಟು ಬೇಗ ಅಂಗಡಿ ತೆರೆಯುತ್ತೀರಾ? ಹಾಲಿನವನಿಗಿಂತ ಮುಂಚೆ!’ ಎಂದು ನಕ್ಕ. ಸಮಯ ಸರಿಮಾಡಿದೆ, ಲಿನಕ್ಸ್‌ಗೆ ಹೋಗಿ ಬಂದರೆ ಮತ್ತೆ ಹಿಂದಕ್ಕೆ. ಮದರ್‌ಬೋರ್ಡ್‌ನ ಸೆಲ್ ಹೋಗಿದೆ ಎಂದು ತೀರ್ಮಾನಿಸಿ ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ. ಎರಡನೆಯ ಸೆಲ್ ಕೊಳ್ಳಲು ಹೊರಟವನಿಗೆ ದಾರಿಯಲ್ಲಿ ಹೊಳೆಯಿತು: ವ್ಯತ್ಯಾಸ ಪ್ರತಿಸಲವೂ ಐದೂವರೆ ಗಂಟೆ. ಸೆಲ್ ಸತ್ತರೆ ಸಮಯ ಹೀಗೆ ಲೆಕ್ಕ ಹಾಕಿ ತಪ್ಪುವುದಿಲ್ಲ. ಐದೂವರೆ ಎಂದರೆ ಗ್ರೀನಿಚ್‌ಗೂ ನಮಗೂ ಇರುವ ಅಂತರ. ಲಿನಕ್ಸ್ ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದಿಕೊಳ್ಳುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಕಮಾಂಡ್‌ನಿಂದ ಲಿನಕ್ಸ್‌ಗೆ ನೀನೂ ಸ್ಥಳೀಯ ಸಮಯವನ್ನೇ ಬರೆ ಎಂದು ಹೇಳಿದೆ, ಜಗಳ ತೀರಿತು. ಹೊಸ ಸೆಲ್ ಮಾತ್ರ ದಂಡ.

ಜೋಡಿ ವ್ಯವಸ್ಥೆಯ ಇನ್ನೊಂದು ಕಿರಿಕಿರಿ: ಲಿನಕ್ಸ್‌ನಿಂದ ವಿಂಡೋಸ್‌ನ ಡಿ ಡ್ರೈವ್ ತೆರೆದರೆ ಓದಲು ಬರುತ್ತದೆ, ಉಳಿಸಲು ಬರುವುದಿಲ್ಲ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯದಿಂದಾಗಿ, ಕಂಪ್ಯೂಟರ್ ಮುಚ್ಚಿದರೂ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿ ಇರುವುದರಿಂದ ಹೀಗೆ. ಆ ಸೌಲಭ್ಯವನ್ನು ಆಫ್ ಮಾಡಿಬಿಡಿ.

ಇನ್ನು ಕನ್ನಡ. ಡಿಟಿಪಿಯವರು ಲಿನಕ್ಸ್‌ನಿಂದ ಓಡಿಹೋಗುವುದು ಇಲ್ಲಿಯೇ, ನಾನೂ ಮೊದಲ ವಾರ ಓಡುವವನಿದ್ದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿಟ್ಟ ಹಳೆಯ ಅರ್ಜಿಯೊಂದನ್ನು, ಪತ್ರ ಬರೆಯುವ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ತೆರೆದೆ. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀರು ಎಳೆದ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಗೀರಿನ ಎ! ಕಡತ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ನುಡಿ ಮತ್ತು ಅದರಂಥದೇ ಆದ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಮಾಲೀಕ ಕಾಣಿಸಿಕೊಳ್ಳುತ್ತಾನೆ. ಹಳೆಯ ಯಂತ್ರದಿಂದ ‘ನುಡಿ 01 ಇ’ ಫಾಂಟ್ ಕಡತವನ್ನು ತಂದು ಹಾಕಿದೊಡನೆ ಅರ್ಜಿ ಕನ್ನಡವಾಯಿತು. ಇದು ಅಂದಿನ ತುರ್ತಿಗೆ. ಮುಂದೆಯೂ ಬೇಕಾಗುವ ಕಡತಗಳನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಮನೆ ಇರುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಸರಿ. ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳ ಮೇಲೆ ಕಣ್ಣಾಡಿಸಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’, ‘ಧರ್ಮ’ಗಳು ಎಡವುವುದು ಅಲ್ಲೇ. ಸಂಬಂಧಪಟ್ಟವರ ಹೆಸರೇ ಕೆಟ್ಟ ಅರ್ಜಿಯನ್ನು ಒಬ್ಬರಿಗೆ ಮುದ್ರಿಸಿ ಕೊಟ್ಟು ಬೈಸಿಕೊಂಡಿದ್ದೇನೆ.

ಕೀಲಿಮಣೆಯ ಚಿಂತೆ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸ ಇದೆ. ನುಡಿಯಲ್ಲಿ ಕಲಿತ ಬೆರಳುಗಳಿಗೆ ಅದೇ ದಾರಿ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ನನ್ನ ಅಂಗಡಿಯ ಹುಡುಗಿ ಮೊದಲ ದಿನವೇ ಎಂದಿನ ವೇಗದಲ್ಲಿ ಟೈಪ್ ಮಾಡಿದಳು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳೂ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ. ಅರ್ಜಿಗಳಿಗೆ ನನಗೆ ಗುಬ್ಬಿಯೇ ಇಷ್ಟ.

ಹೊಸದಾಗಿ ಹಾಕುವವರು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಡಿಸ್ಕ್ ಮುಟ್ಟದೆ ವೈಫೈ, ಧ್ವನಿ, ಮುದ್ರಣ ಎಲ್ಲವನ್ನೂ ಪರೀಕ್ಷಿಸಬಹುದು. ವೈಫೈ ಕಾಣದಿದ್ದರೆ ಮೊಬೈಲ್ ಅನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿ. ಆ ಅಂತರಜಾಲದಲ್ಲೇ ಡ್ರೈವರ್ ಮ್ಯಾನೇಜರ್ ತನಗೆ ಬೇಕಾದ್ದನ್ನು ತರಿಸಿಕೊಳ್ಳುವುದೇ ಹೆಚ್ಚು. ಹಾಕಿದ ದಿನವೇ ಟೈಮ್‌ಶಿಫ್ಟ್‌ನಲ್ಲಿ ಇಡೀ ವ್ಯವಸ್ಥೆಯ ಒಂದು ಪ್ರತಿ ಉಳಿಸಿ. ಆದರೆ ಅದು ಕಾಯುವುದು ವ್ಯವಸ್ಥೆಯನ್ನು. ನಿಮ್ಮ ಫೋಟೊ, ಪತ್ರಗಳನ್ನು ತಾನಾಗಿ ಕಾಯುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಇನ್ನೂರು ಪುಟದ ನೋಟ್‌ಬುಕ್ ಒಂದರಲ್ಲಿ ದಿನಾಂಕ, ಬಂದ ಸಾಲು, ಮಾಡಿದ ಕೆಲಸ ಎಂದು ಬರೆದಿಡುತ್ತೇನೆ. ಮೊದಲ ವರ್ಷ ನಲವತ್ತು ಪುಟ ತುಂಬಿತು, ಕಳೆದ ವರ್ಷ ಮೂರು.

ಸೋತದ್ದೂ ಆ ಪುಸ್ತಕದಲ್ಲಿದೆ. ಹಳೆಯ ಲೇಸರ್ ಪ್ರಿಂಟರ್ ಒಂದನ್ನು ಲಿನಕ್ಸ್‌ಗೆ ಒಗ್ಗಿಸಲು ಎರಡು ಭಾನುವಾರ ಕೂತೆ. ಒಂದು ಪುಟ ಬರುತ್ತಿತ್ತು, ಎರಡನೆಯದಕ್ಕೆ ಮೌನ. ಮೂರನೆಯ ಭಾನುವಾರ ಮನೆಯವರು ಬಾಗಿಲಲ್ಲಿ ನಿಂತು ನೋಡಿದ ನೋಟಕ್ಕೆ ಪ್ರಯತ್ನ ಬಿಟ್ಟೆ. ಆ ಪ್ರಿಂಟರ್, ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್, ಮದುವೆ ಕಾರ್ಡಿನ ವಿನ್ಯಾಸಗಳೆಲ್ಲ ಮೂಲೆಯ ಮೂರನೆಯ ಕಂಪ್ಯೂಟರ್‌ನಲ್ಲಿವೆ. ಅದರಲ್ಲಿ ಈಗಲೂ ವಿಂಡೋಸ್ ಇದೆ. ಅಂತರಜಾಲದ ತಂತಿ ಮಾತ್ರ ಕಿತ್ತಿಟ್ಟಿದ್ದೇನೆ.