ಅಮೆರಿಕದ ರಕ್ಷಣಾ ಗುತ್ತಿಗೆ: ಹಣ ನಿಲ್ಲುವ ಸೂಚನೆ ಎಲ್ಲಿ ಸಿಗುತ್ತದೆ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ಬೋಟುಗಳು ಕಟ್ಟಿ ನಿಂತರೆ ಐಸ್ ಪ್ಲಾಂಟು, ಬಲೆ ರಿಪೇರಿಯವರು, ಬಂದರಿನ ಚಾ ಹೋಟೆಲು, ಎಲ್ಲರ ಗಲ್ಲಾಪೆಟ್ಟಿಗೆಯೂ ಹಗುರ. ಆದರೆ ಆ ತಾರೀಕು ಎಲ್ಲರಿಗೂ ಬಾಯಿಪಾಠ. ಉಡುಪಿ, ಮಂಗಳೂರು ಬಿಟ್ಟು ಅಮೆರಿಕದ ನೌಕಾನೆಲೆ ಊರುಗಳಲ್ಲಿ ಕೆಲಸಕ್ಕಿರುವವರಿಗೆ ಆ ಅನುಕೂಲವಿಲ್ಲ. 2013ರ ಮಾರ್ಚ್ 1ಕ್ಕೆ ಸರ್ಕಾರಿ ಖರ್ಚಿಗೆ ಸೀಕ್ವೆಸ್ಟರ್ ಎಂಬ ಕಡ್ಡಾಯ ಕಡಿತ ಜಾರಿಗೆ ಬಂತು. ಅದಕ್ಕೂ ಮೊದಲೇ, ಫೆಬ್ರುವರಿಯಲ್ಲಿ, ನೌಕಾಪಡೆ ಟ್ರೂಮನ್ ವಿಮಾನವಾಹಕ ಹಡಗಿನ ಯಾನವನ್ನೂ ಲಿಂಕನ್ ಹಡಗಿನ ಪರಮಾಣು ಇಂಧನ ಬದಲಾಯಿಸುವ ದೊಡ್ಡ ರಿಪೇರಿಯನ್ನೂ ಮುಂದೂಡಿತ್ತು. ವರ್ಜೀನಿಯಾದ ನಾರ್ಫೋಕ್‌ನಂಥ ಊರಲ್ಲಿ ಇಂಥ ಪೆಟ್ಟು ಬಣ್ಣ, ವೆಲ್ಡಿಂಗ್, ಸ್ಕಾಫೋಲ್ಡಿಂಗ್‌ನ ಉಪಗುತ್ತಿಗೆದಾರರಿಗೆ ಬೇಗ ತಾಗುತ್ತದೆ, ಆಮೇಲೆ ಅವರ ಜನ ಊಟಕ್ಕೆ ಹೋಗುತ್ತಿದ್ದ ಹೋಟೆಲಿಗೆ.

‘ನಮ್ಮದು ಐದು ವರ್ಷದ ಕಾಂಟ್ರ್ಯಾಕ್ಟ್’ ಎಂದು ಮ್ಯಾನೇಜರ್ ಹೇಳಿದರೆ ಅರ್ಧ ನಂಬಿ. ಹೆಚ್ಚಾಗಿ ಅದು ಖಚಿತವಾದ ಒಂದು ಬೇಸ್ ವರ್ಷ, ಸರ್ಕಾರ ಬೇಕೆಂದರೆ ಮಾತ್ರ ಮುಂದುವರಿಸುವ ನಾಲ್ಕು ಆಪ್ಷನ್ ವರ್ಷ. ನಡುವೆ ರದ್ದು ಮಾಡಿದರೆ ಸರ್ಕಾರ ಪರಿಹಾರದ ಲೆಕ್ಕ ಚುಕ್ತಾ ಮಾಡಬೇಕು. ಆಪ್ಷನ್ ಬಳಸದೆ ಸುಮ್ಮನೆ ಕೂತರೆ ಅದೂ ಬೇಡ. ಕಡಿತದ ಕಾಲಕ್ಕೆ ಇದಕ್ಕಿಂತ ಸಲೀಸು ದಾರಿ ಇನ್ನೊಂದಿಲ್ಲ. ಖರ್ಚಿನ ಮೇಲೆ ಕಂತುಕಂತಾಗಿ ಹಣ ಬರುವ ಗುತ್ತಿಗೆಯಾದರೆ, ಮುಂದಿನ 60 ದಿನಗಳ ಖರ್ಚು ಸೇರಿ ಕೊಟ್ಟ ಹಣದ 75% ದಾಟುವ ಹಾಗಿದ್ದರೆ ಕಂಪನಿ ಲಿಖಿತವಾಗಿ ತಿಳಿಸಬೇಕು. ಹಣ ಬಾರದಿದ್ದರೆ ಕೆಲಸ ಮುಂದುವರಿಸುವ ಹಂಗು ಕಂಪನಿಗೂ ಇಲ್ಲ.

ಗುತ್ತಿಗೆಗೆ ಎಷ್ಟು ಹಣ ಬಂದಿದೆಯೆಂದು ನೀವೇ ನೋಡಬಹುದು. ಅಮೆರಿಕ ಸರ್ಕಾರದ ಖರ್ಚು ತೋರಿಸುವ ಯುಎಸ್‌ಎಸ್ಪೆಂಡಿಂಗ್ ಡಾಟ್ ಗವ್ ತಾಣದಲ್ಲಿ ಗುತ್ತಿಗೆ ಸಂಖ್ಯೆ ಹಾಕಿ. ಪೊಟೆನ್ಷಿಯಲ್ ಅಂದರೆ ಬರೀ ಗರಿಷ್ಠ ಮಿತಿ, ಆಬ್ಲಿಗೇಟೆಡ್ ಅಂದರೆ ಸರ್ಕಾರ ನಿಜಕ್ಕೂ ಬದ್ಧವಾದ ಹಣ. ಎರಡನೆಯದನ್ನೂ ಈಗಿನ ಮುಕ್ತಾಯ ದಿನಾಂಕವನ್ನೂ ಗುರುತು ಹಾಕಿಕೊಳ್ಳಿ. ರಕ್ಷಣಾ ಇಲಾಖೆಯ ಅಂಕಿಗಳು ಅಲ್ಲಿ 90 ದಿನ ತಡವಾಗಿ ಬರುತ್ತವೆ. ಹಾಗಾಗಿ ತಾಣದಲ್ಲಿ ಏನೂ ಕಾಣಲಿಲ್ಲವೆಂದು ಬಚಾವಾದೆವು ಅಂದುಕೊಳ್ಳಬೇಡಿ.

ಆಯುಧದ ತಾಂತ್ರಿಕ ಮಾಹಿತಿ ಮುಟ್ಟಲು ರಫ್ತು ನಿಯಂತ್ರಣ ಕಾನೂನು ಎಚ್-1ಬಿ ಎಂಬ ಕೆಲಸದ ವೀಸಾದವರನ್ನು ಸುಲಭಕ್ಕೆ ಬಿಡದು. ಗ್ರೀನ್ ಕಾರ್ಡ್ ಇದ್ದರೆ ಆ ಅಡ್ಡಿಯಿಲ್ಲ, ರಹಸ್ಯ ಮಾಹಿತಿ ನೋಡುವ ಅನುಮತಿಯಾದ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಮಾತ್ರ ಪೌರತ್ವವೇ ಬೇಕು. ಅದಕ್ಕೇ ಅಂಥ ಕಂಪನಿಗಳಲ್ಲಿ ಎಚ್-1ಬಿಯವರಿಗೆ ಸಿಗುವುದು ಇಆರ್‌ಪಿ (ಕಂಪನಿಯ ಒಳವ್ಯವಹಾರದ ಸಾಫ್ಟ್‌ವೇರ್), ಪೇರೋಲ್, ನಾಗರಿಕ ಉತ್ಪನ್ನದಂಥ ಕೆಲಸ. ‘ನಾನು ಡಿಫೆನ್ಸ್ ಪ್ರಾಜೆಕ್ಟಿನಲ್ಲೇ ಇಲ್ಲ’ ಎಂಬ ಸಮಾಧಾನ ಇಲ್ಲಿ ಕೈಕೊಡುತ್ತದೆ. ಗುತ್ತಿಗೆಯೊಂದು ಬಿದ್ದರೆ ಅದರ ಪಾಲಿನ ಓವರ್‌ಹೆಡ್, ಅಂದರೆ ಕಂಪನಿಯ ಸಾಮಾನ್ಯ ಖರ್ಚು, ಉಳಿದ ಗುತ್ತಿಗೆಗಳ ತಲೆಗೆ ಬಂದು ದರ ಏರುತ್ತದೆ, ಮುಂದಿನ ಟೆಂಡರ್ ಕೈತಪ್ಪುತ್ತದೆ. ಆ ದರ ಇಳಿಸಲು ಕಂಪನಿ ಕತ್ತರಿ ಹಾಕುವುದು ಈ ಓವರ್‌ಹೆಡ್ ಜನಕ್ಕೇ.

ಬಜೆಟ್ ಮಂಜೂರಾಗದೆ ಸರ್ಕಾರಿ ಕೆಲಸ ನಿಲ್ಲುವ ಶಟ್‌ಡೌನ್ ಬೇರೆಯದೇ ಕಥೆ. 2025ರ ಅಕ್ಟೋಬರ್ 1ರಿಂದ 43 ದಿನ ನಡೆಯಿತಲ್ಲ, ಅಂಥದ್ದರಲ್ಲಿ ಸರ್ಕಾರಿ ನೌಕರರಿಗೆ ಹಿಂಬಾಕಿ ಕೊಡಿಸಲು 2019ರ ಕಾಯ್ದೆಯಿದೆ. ಗುತ್ತಿಗೆ ಕಂಪನಿಯವರಿಗೆ ಅದು ಅನ್ವಯಿಸದು.

ಕೆಲಸ ಹೋಯಿತೆನ್ನಿ. ಎರಡು 60 ದಿನಗಳನ್ನು ಕಲಸಿಕೊಳ್ಳಬೇಡಿ. ವಾರ್ನ್ ಕಾಯ್ದೆಯ 60 ದಿನ ಅಂದರೆ ದೊಡ್ಡ ಪ್ರಮಾಣದಲ್ಲಿ ಜನರನ್ನು ತೆಗೆಯುವ ಮುನ್ನ ಕಂಪನಿ ಕೊಡಬೇಕಾದ ಮುನ್ಸೂಚನೆ, 100ಕ್ಕಿಂತ ಕಡಿಮೆ ನೌಕರರ ಕಂಪನಿಗೆ ಈ ಕೇಂದ್ರ ಕಾಯ್ದೆ ತಾಗದು. 40 ಜನರ ಉಪಗುತ್ತಿಗೆದಾರ ಶುಕ್ರವಾರ ಹೇಳಿ ಸೋಮವಾರ ಬೇಡವೆನ್ನಬಹುದು. ಎಚ್-1ಬಿಯ 60 ದಿನ ಅಂದರೆ ಕೆಲಸ ಹೋದ ಮೇಲೆ ದೇಶದಲ್ಲಿ ಉಳಿಯುವ ಗಡುವು, ಅದು ಸಾಮಾನ್ಯವಾಗಿ ಸಂಬಳ ಲೆಕ್ಕ ಹಾಕಿದ ಕೊನೆಯ ದಿನದ ಮರುದಿನದಿಂದ. ದೇಶದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವ ಐ-94 ದಾಖಲೆ ಅದಕ್ಕೂ ಮೊದಲು ಮುಗಿದರೆ ಅಲ್ಲಿಗೇ ಮುಗಿಯಿತು, ಸೆವರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಹಣ) ಸಿಕ್ಕಿತೆಂದು ಗಡುವು ಹಿಗ್ಗದು. ಆದ್ದರಿಂದ ಕೊನೆಯ ದಿನಾಂಕವನ್ನು ಪತ್ರದಲ್ಲೇ ಬರೆಸಿಕೊಳ್ಳಿ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ನೀವು ವೀಸಾ ಸ್ಥಿತಿ ಬದಲಿಸುವ ಐ-539 ಅರ್ಜಿ ಹಾಕಬೇಕು. ವೀಸಾ ಅವಧಿ ಉಳಿದಿರುವಾಗಲೇ ಕಂಪನಿ ತೆಗೆದುಹಾಕಿದರೆ ಊರಿಗೆ ಮರಳುವ ನ್ಯಾಯಯುತ ಪ್ರಯಾಣ ಖರ್ಚು ಅದರದ್ದೇ. ಕೇಳದವರಿಗೆ ತಾನಾಗಿ ಕೊಡುತ್ತಾರೆಂದು ಕಾಯಬೇಡಿ.

ಆರೋಗ್ಯ ವಿಮೆಗೆ 20 ಅಥವಾ ಹೆಚ್ಚು ಜನರ ಕಂಪನಿಯಲ್ಲಿ ಕೋಬ್ರಾ ಇದೆ, ಅಂದರೆ ಹಳೆಯ ಕಂಪನಿಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಹಕ್ಕು: 18 ತಿಂಗಳವರೆಗೆ, ಪ್ರೀಮಿಯಂನ 102%ರವರೆಗೆ. ಆರಿಸಲು 60 ದಿನ ಕಾಲಾವಕಾಶ, ರಕ್ಷಣೆ ವಿಮೆ ನಿಂತ ದಿನದಿಂದಲೇ ಅನ್ವಯ. ಹಾಗಾಗಿ ಮೊದಲ ವಾರವೇ ಹಣ ಕಟ್ಟುವ ಅವಸರ ಬೇಡ. ಕಾಗದ ಜೋಪಾನವಾಗಿಟ್ಟು ತಾರೀಕು ಮಾತ್ರ ತಪ್ಪಿಸಬೇಡಿ.

ಕದ್ರಿಯಲ್ಲೋ ಮಣಿಪಾಲದಲ್ಲೋ ಫ್ಲ್ಯಾಟಿನ ಇಎಂಐ ಎನ್‌ಆರ್‌ಇ ಎಂಬ ಅನಿವಾಸಿ ಖಾತೆಯಿಂದ ಹೋಗುತ್ತಿದ್ದರೆ, ಕಾಯಂ ಮರಳಿದ ಮೇಲೆ ಆ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಅದೇ ಭೇಟಿಯಲ್ಲಿ ಇಎಂಐ ಕಡಿತದ ಆದೇಶ ಹಾಗೇ ಉಳಿಯುತ್ತದೆಯೇ ಎಂದು ಬ್ಯಾಂಕಿನವರನ್ನು ಕೇಳಿ ಬರೆಸಿಕೊಳ್ಳಿ.