ಗಿಡಗಳಿರುವ ಅಕ್ವೇರಿಯಂಗೆ ಉಪ್ಪು ಹಾಕುವ ಮುನ್ನ

ಮೀನಿನ ಮೈಮೇಲೆ ರವೆಯ ಕಾಳಿನಂಥ ಬಿಳಿಚುಕ್ಕೆಗಳು ಕಂಡ ಕೂಡಲೇ ಒಂದು ಹಿಡಿ ಕಲ್ಲುಪ್ಪನ್ನು ತೊಟ್ಟಿಗೆ ಹಾಕುವುದು ಮೀನು ಸಾಕುವವರಲ್ಲಿ ಹಳೆಯ ರೂಢಿ. ಮೀನಿನ ಮಟ್ಟಿಗೆ ಆ ಚಿಕಿತ್ಸೆ ತಪ್ಪಲ್ಲ. ಆದರೆ ಅದೇ ನೀರಿನಲ್ಲಿ ಜೀವಂತ ಗಿಡಗಳಿದ್ದರೆ ಉಪ್ಪು ಬೀಳಬೇಕಾದದ್ದು ಬೇರೊಂದು ಟಬ್ಬಿಗೆ.

ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ನೀರು ಬಿಡುವುದನ್ನು ಎಲ್ಲರೂ ನೋಡಿರುತ್ತೇವೆ. ತೊಟ್ಟಿಯಲ್ಲಿ ಉಪ್ಪು ಅಷ್ಟು ಗಾಢವಾಗಿರುವುದಿಲ್ಲ. ಆದರೂ ಹೊರಗಿನ ನೀರು ಉಪ್ಪಾದಷ್ಟೂ ಎಲೆಯ ಜೀವಕೋಶಗಳು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳಲು ಹೆಣಗಬೇಕಾಗುತ್ತದೆ. ನೀರೊಳಗಿನ ಎಲೆಗಳ ಹೊರಪದರ ತೀರ ತೆಳುವಾದ್ದರಿಂದ ಅವು ಲವಣಗಳನ್ನು ನೇರವಾಗಿ ಹೀರಿಕೊಳ್ಳುತ್ತವೆ. ಹಾಗೆ ಒಳಸೇರಿದ ಸೋಡಿಯಂ, ಗಿಡಕ್ಕೆ ಅತ್ಯಗತ್ಯವಾದ ಪೊಟ್ಯಾಸಿಯಂ ಹೀರಿಕೆಗೆ ಅಡ್ಡಿಯಾಗುತ್ತದೆ. ಎಲೆ ಮೊದಲು ಬಿಗಿ ಕಳೆದುಕೊಂಡು ಜೋತುಬೀಳುತ್ತದೆ, ಅನಂತರ ಗಾಜಿನಂತೆ ಪಾರದರ್ಶಕವಾಗಿ ಕೊಳೆಯತೊಡಗುತ್ತದೆ. ಕಬೊಂಬಾದಂಥ ನವಿರು ಎಲೆಯ ಗಿಡಗಳು ಬೇಗ ಸೋಲುತ್ತವೆ. ಜಾವಾ ಫರ್ನ್ ಮತ್ತು ಅನೂಬಿಯಸ್ ಸ್ವಲ್ಪ ಮಟ್ಟಿನ ಉಪ್ಪನ್ನು ತಾಳಿಕೊಳ್ಳುತ್ತವೆ.

ಬಿಳಿಚುಕ್ಕೆ ರೋಗದ ವಿಷಯದಲ್ಲಿ ಒಂದು ಅನುಕೂಲವಿದೆ. ಈ ರೋಗದ ಪರೋಪಜೀವಿಗೆ ಬದುಕಲು ಮೀನು ಬೇಕೇ ಬೇಕು. ಆದ್ದರಿಂದ ಮೀನುಗಳನ್ನೆಲ್ಲ ಟಬ್ಬಿಗೆ ಸಾಗಿಸಿ, ಗಿಡಗಳ ತೊಟ್ಟಿಯನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ವಾರ ಮೀನಿಲ್ಲದೆ ಬಿಟ್ಟರೆ, ಅಲ್ಲಿ ಉಪ್ಪಿನ ಅಗತ್ಯವೇ ಬೀಳುವುದಿಲ್ಲ. ಚುಕ್ಕೆಯಿಲ್ಲದ ಮೀನನ್ನೂ ಹಿಂದೆ ಬಿಡಬಾರದು. ಟಬ್ಬಿನಲ್ಲಿ ಏರ್ ಪಂಪ್ ಓಡುತ್ತಿರಲಿ. ಉಪ್ಪನ್ನು ಚಮಚದಲ್ಲಿ ಅಳೆಯದೆ ತೂಗಿ, ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ, ಲೀಟರಿಗೆ 2 ಗ್ರಾಂ ಆಗುವಂತೆ ಒಂದೆರಡು ದಿನಗಳಲ್ಲಿ ಕಂತುಕಂತಾಗಿ ಸೇರಿಸಬೇಕು. ಲೋಚ್, ಕೋರಿಡೋರಾಸ್‌ನಂಥ ಮೀನುಗಳಿದ್ದರೆ ಅದರರ್ಧಕ್ಕೆ ನಿಲ್ಲಿಸಿ ಗಮನಿಸುವುದು ಕ್ಷೇಮ. ಟಬ್ಬಿನಲ್ಲಿ ಫಿಲ್ಟರ್ ಇಲ್ಲದಿದ್ದರೆ ದಿನವೂ ಸ್ವಲ್ಪ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಸೇರಿಸಬೇಕು.

ಗಿಡಗಳ ತೊಟ್ಟಿಗೆ ಈಗಾಗಲೇ ಉಪ್ಪು ಬಿದ್ದಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಫಿಲ್ಟರ್ ಸಹ ಅದನ್ನು ಹಿಡಿಯುವುದಿಲ್ಲ. ಆವಿಯಾದಷ್ಟು ನೀರು ತುಂಬುವಾಗ ಮತ್ತೆ ಉಪ್ಪು ಹಾಕುವವರ ತೊಟ್ಟಿ ವಾರದಿಂದ ವಾರಕ್ಕೆ ಉಪ್ಪಾಗುತ್ತ ಹೋಗುವುದು ಇದರಿಂದಲೇ. ದಿನ ಬಿಟ್ಟು ದಿನ ಅರ್ಧದಷ್ಟು ನೀರನ್ನು ಮೂರು ಬಾರಿ ಬದಲಿಸಿದರೆ ಮೊದಲಿದ್ದ ಉಪ್ಪಿನ ಎಂಟನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇದ್ದವರು ತೊಟ್ಟಿಯ ಅಂಕಿಯನ್ನು ನಲ್ಲಿಯ ನೀರಿನ ಅಂಕಿಯೊಂದಿಗೆ ಹೋಲಿಸಿ ನೋಡಬಹುದು. ಕೊಳೆತ ಎಲೆಗಳನ್ನು ಕತ್ತರಿಸಿ ತೆಗೆಯಬೇಕು. ಗಡ್ಡೆ ಅಥವಾ ಬೇರು ಗಟ್ಟಿಯಾಗಿದ್ದರೆ ಗಿಡವನ್ನು ಕಿತ್ತೆಸೆಯುವ ಅವಸರ ಬೇಡ.

ಮಾಲಿ ಮೀನಿಗೆ ಉಪ್ಪು ಬೇಕೇ ಬೇಕೆಂದು ಅಂಗಡಿಗಳಲ್ಲಿ ಹೇಳುವುದುಂಟು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಗಡಸು ನೀರು. ನಮ್ಮ ಬಹುಪಾಲು ಬೋರ್‌ವೆಲ್‌ಗಳಲ್ಲಿ ಅದಕ್ಕೇನೂ ಕೊರತೆಯಿಲ್ಲ. ಎಪ್ಸಮ್ ಉಪ್ಪು ಹೆಸರಿಗಷ್ಟೇ ಉಪ್ಪು; ಅದು ಮೆಗ್ನೀಸಿಯಂ ಸಲ್ಫೇಟ್, ಮಿತವಾಗಿದ್ದರೆ ಗಿಡಕ್ಕೆ ಗೊಬ್ಬರ.

ಹಿಡಿ ಉಪ್ಪನ್ನೂ ಹಾಕದವರ ತೊಟ್ಟಿಗೆ ಸೋಡಿಯಂ ಸೇರುವ ಇನ್ನೊಂದು ದಾರಿಯಿದೆ. ಅಪಾರ್ಟ್‌ಮೆಂಟುಗಳ ವಾಟರ್ ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದು ಬದಲಿಗೆ ಸೋಡಿಯಂ ಕೊಡುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ನೀರು ಹೀಗೆ ಮೆದುವಾದಾಗ ಅದಕ್ಕೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಕಾರಣ ತಿಳಿಯದೆ ಗಿಡಗಳು ಸೊರಗುತ್ತಿದ್ದರೆ, ಸಾಫ್ಟ್‌ನರ್‌ಗೆ ಹೋಗುವ ಮುನ್ನಿನ ನೀರನ್ನೋ, ಸೋಸಿ ಹಿಡಿದ ಮಳೆನೀರನ್ನು ಅದರೊಂದಿಗೆ ಬೆರೆಸಿಯೋ ಬಳಸಿ ನೋಡಬೇಕು.