ಚಳಿಗಾಲಕ್ಕೆ ಮೋಟರ್‌ಹೋಮ್ ನಿಲ್ಲಿಸ್ತಾ ಇದೀರಾ? ಬ್ಯಾಟರಿ, ಜನರೇಟರ್ ಕಡೆ ಸ್ವಲ್ಪ ನೋಡಿ

ಮೋಟರ್‌ಹೋಮ್‌ನ (ಒಳಗೇ ಅಡುಗೆ ಮಾಡಿ ಮಲಗೋ ಹಾಗಿರೋ ಮನೆ ಗಾಡಿ) ಚಳಿಗಾಲಕ್ಕೆ ನಿಲ್ಲಿಸೋವಾಗ ನೀರಿನ ಪೈಪ್ ಖಾಲಿ ಮಾಡೋದನ್ನ ಯಾರೂ ಮರೆಯಲ್ಲ, ಯಾಕಂದ್ರೆ ಪೈಪ್ ಒಡೆದ್ರೆ ಕಣ್ಣಿಗೆ ಕಾಣತ್ತೆ. ಬ್ಯಾಟರಿ ಸಾಯೋದು ಕಾಣಲ್ಲ. ನಾಲ್ಕು ತಿಂಗಳು ಬಿಟ್ಟು ಬಂದು ಕೀ ತಿರುಗಿಸ್ತೀರಿ, ಬರೀ ಟಿಕ್ ಟಿಕ್ ಅನ್ನತ್ತೆ, ಸರಿ ಜನರೇಟರ್ ಹಾಕಿ ಚಾರ್ಜ್ ಮಾಡೋಣ ಅಂತ ಹೋದ್ರೆ ಅದೂ ಏಳಲ್ಲ, ಯಾಕಂದ್ರೆ ಸುಮಾರು ಗಾಡಿಗಳಲ್ಲಿ ಜನರೇಟರ್ ಸ್ಟಾರ್ಟ್ ಆಗೋದೇ ಒಳಗಿನ ಲೈಟು, ಪಂಪು ನಡೆಸೋ ಹೌಸ್ ಬ್ಯಾಟರಿಯಿಂದ. ಒಂದು ಮಲಗಿದ್ರೆ ಇನ್ನೊಂದೂ ಮಲಗತ್ತೆ, ಅದಕ್ಕೇ ಎರಡನ್ನೂ ಒಟ್ಟಿಗೇ ಬರೀತಿದೀನಿ.

ಮೊದಲು ಗೊತ್ತಿರಬೇಕಾದ್ದು, ಗಾಡೀಲಿ ಎರಡು ಬೇರೆ ಬೇರೆ ಬ್ಯಾಟರಿ ಲೈನ್ ಇರತ್ತೆ. ಇಂಜಿನ್ ಸ್ಟಾರ್ಟ್ ಮಾಡೋದು ಒಂದು, ಒಳಗಿನ ಲೈಟು, ಪಂಪು, ಫ್ಯಾನ್ ನಡೆಸೋ ಹೌಸ್ ಬ್ಯಾಟರಿ ಇನ್ನೊಂದು. ಹೊರಗಿಂದ ಕರೆಂಟ್ ಪ್ಲಗ್ ಹಾಕಿದ್ರೆ ಎರಡೂ ಚಾರ್ಜ್ ಆಗತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಆದ್ರೆ ಎಷ್ಟೋ ಗಾಡಿಗಳಲ್ಲಿ ಹೌಸ್ ಬ್ಯಾಟರಿ ಮಾತ್ರ ಚಾರ್ಜ್ ಆಗೋದು. ಪ್ಲಗ್ ಹಾಕಿ ಇಂಜಿನ್ ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ನೋಡಿ, ವೋಲ್ಟ್ 13ರ ಮೇಲೆ ಏರಿದ್ರೆ ಅದಕ್ಕೂ ಹೋಗ್ತಿದೆ, ಏರದಿದ್ರೆ ಅದಕ್ಕೆ ಬೇರೆ ಚಾರ್ಜರ್ ಬೇಕು.

ಇನ್ನು ಚಳಿ ವಿಷ್ಯ. ಪೂರ್ತಿ ಚಾರ್ಜ್ ಆಗಿರೋ ಲೆಡ್ ಆಸಿಡ್ ಬ್ಯಾಟರಿ ಒಳಗಿನ ಆಸಿಡ್ ಗಟ್ಟಿ ಆಗ್ಬೇಕಂದ್ರೆ ಮೈನಸ್ 50 ಡಿಗ್ರಿಗಿಂತ ಕೆಳಗೆ ಹೋಗ್ಬೇಕು. ಅದೇ ಬ್ಯಾಟರಿ ಖಾಲಿ ಆಗಿದ್ರೆ ಒಳಗಿರೋದು ಹೆಚ್ಚುಕಮ್ಮಿ ನೀರೇ, ಮೈನಸ್ 10ರ ಆಸುಪಾಸಿಗೇ ಐಸ್ ಆಗಿ ಪ್ಲೇಟ್ ಬಗ್ಗಿ ಡಬ್ಬ ಉಬ್ಬತ್ತೆ. ನಂಗೆ ಇದು ಗೊತ್ತಾಗಿದ್ದು ಮೊದಲ್ನೇ ವರ್ಷ. ಬಾಗಿಲ ಹತ್ರ ಇರೋ ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ಆಫ್ ಮಾಡಿ, ಆಯ್ತು ಕೆಲಸ ಅಂತ ಹೊರಟುಬಿಟ್ಟಿದ್ದೆ, ವಾಪಸ್ ಬಂದು ನೋಡಿದ್ರೆ ಎರಡರಲ್ಲಿ ಒಂದು ಬ್ಯಾಟರಿ ಮಡಕೆ ತರ ಹೊಟ್ಟೆ ಬಿಟ್ಕೊಂಡು ಕೂತಿದೆ. ಏನಾಗಿತ್ತಂದ್ರೆ ಗ್ಯಾಸ್ ಲೀಕ್ ಡಿಟೆಕ್ಟರ್ ವೈರ್ ಆ ಸ್ವಿಚ್‌ನ ದಾಟಿ ಸೀದಾ ಬ್ಯಾಟರಿಗೆ ಹೋಗಿತ್ತು, ಅದು ಹಗಲು ರಾತ್ರಿ ಹನಿ ಹನಿ ಕುಡಿದು ಖಾಲಿ ಮಾಡಿತ್ತು. ಐಸ್ ಕಟ್ಟಿರೋ ಅಥವಾ ಹೀಗೆ ಉಬ್ಬಿರೋ ಬ್ಯಾಟರಿಗೆ ಚಾರ್ಜರ್ ಹಾಕೋ ಸಾಹಸ ಮಾತ್ರ ಮಾಡ್ಬೇಡಿ, ಸಿಡಿಯೋ ಅಪಾಯ ಇದೆ.

ಹಾಗಾಗಿ ಸ್ವಿಚ್ ಆಫ್ ಮಾಡಿದ ಮೇಲೂ ಏನಾದ್ರೂ ಕುಡೀತಾ ಇದೆಯಾ ಅಂತ ಅಳೆದು ನೋಡಿ. ಎಲ್ಲಾ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಕೇಬಲ್ ಬಿಚ್ಚಿ, ಮಲ್ಟಿಮೀಟರ್‌ನ 10 ಆಂಪ್ ರೇಂಜ್‌ಗೆ ಹಾಕಿ ಬಿಚ್ಚಿದ ಕೇಬಲ್‌ಗೂ ನೆಗೆಟಿವ್ ಟರ್ಮಿನಲ್‌ಗೂ ಮಧ್ಯ ಸೇರಿಸಿ, ಒಂದೈದು ನಿಮಿಷ ಬಿಟ್ಟು ಓದಿ (ಮೀಟರ್ ಹೀಗೆ ಸೇರಿಸಿರೋವಾಗ ಇಂಜಿನ್ ಸ್ಟಾರ್ಟ್ ಮಾಡೋಕೆ ಹೋದ್ರೆ ಮೀಟರ್ ಫ್ಯೂಸ್ ಹೋಗತ್ತೆ, ಜ್ಞಾಪಕ ಇರ್ಲಿ). 50 ಮಿಲಿ ಆಂಪ್ ಅಂದ್ರೆ ಏನ್ ಮಹಾ ಅನ್ಸತ್ತೆ ಅಲ್ವಾ, ಲೆಕ್ಕ ಹಾಕಿ, ದಿನಕ್ಕೆ 1.2 ಆಂಪ್ ಅವರ್, ತಿಂಗಳಿಗೆ 36. ನೂರು ಆಂಪ್ ಅವರ್ ಬ್ಯಾಟರಿ ಮೂರು ತಿಂಗಳು ಕೂಡ ತಡೆಯಲ್ಲ. ಡಿಟೆಕ್ಟರ್, ಸ್ಟೀರಿಯೋ ಮೆಮೊರಿ, ಆಂಟೆನಾ ಬೂಸ್ಟರ್, ಸ್ಟ್ಯಾಂಡ್‌ಬೈನಲ್ಲಿರೋ ಇನ್ವರ್ಟರ್, ಎಲೆಕ್ಟ್ರಿಕ್ ಮೆಟ್ಟಿಲು, ಸಾಮಾನ್ಯವಾಗಿ ಕಳ್ಳರು ಇವರೇ. ಒಬ್ಬೊಬ್ಬರನ್ನೇ ಹುಡುಕೋದಕ್ಕಿಂತ ನೆಗೆಟಿವ್ ಕೇಬಲ್ ಬಿಚ್ಚಿ ಟೇಪ್ ಸುತ್ತಿ ಬಿಡೋದು ಸುಲಭ. ಒಳಗೆ ಯಾರೂ ಮಲಗಲ್ಲ, ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿರತ್ತೆ ಅಂದ್ರೆ ಡಿಟೆಕ್ಟರ್ ಆಫ್ ಆದ್ರೂ ತೊಂದ್ರೆ ಇಲ್ಲ, ಮತ್ತೆ ಹತ್ತೋಕೆ ಮುಂಚೆ ಆನ್ ಮಾಡ್ಕೊಂಡ್ರೆ ಆಯ್ತು.

ಬಿಚ್ಚೋಕೆ ಮುಂಚೆ ಪೂರ್ತಿ ಚಾರ್ಜ್ ಮಾಡಿ, ಮಗೂಗೆ ಹೊಟ್ಟೆ ತುಂಬಿಸಿ ಮಲಗಿಸ್ತೀವಲ್ಲ ಹಾಗೆ. ಚಾರ್ಜರ್ ತೆಗೆದ ತಕ್ಷಣ ಮೀಟರ್ ಹಿಡೀಬೇಡಿ, ಆಗ ಸುಳ್ಳು ಜಾಸ್ತಿ ತೋರಿಸತ್ತೆ, ಒಂದು ರಾತ್ರಿ ಬಿಟ್ಟು ನೋಡಿ. 12.6 ಇಂದ 12.7 ಬಂದ್ರೆ ತುಂಬಿದೆ, 12.4 ಅಂದ್ರೆ ಮುಕ್ಕಾಲು, 12.1 ಹತ್ರ ಅಂದ್ರೆ ಅರ್ಧ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಮೊದಲಿನ ಕಸುವು ಬರಲ್ಲ. ಐಸ್ ಕಟ್ಟಿ ಒಡೆಯೋದು ಅಪರೂಪ, ಹೆಚ್ಚಿನ ಬ್ಯಾಟರಿ ಸಾಯೋದು ಹೀಗೇ ಅರೆಹೊಟ್ಟೇಲಿ.

ನೀರು ಹಾಕೋ ಟೈಪ್ ಬ್ಯಾಟರಿ ಆದ್ರೆ ಮುಚ್ಚಳ ತೆಗೆದು ನೋಡಿ. ಪ್ಲೇಟ್ ಕಾಣ್ತಾ ಇದ್ರೆ ಮುಳುಗೋ ಅಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ, ಬಾಕಿ ಚಾರ್ಜ್ ಆದ್ಮೇಲೆ ತುಂಬಿಸಿ, ಮುಂಚೇನೇ ತುಂಬಿಸಿದ್ರೆ ಚಾರ್ಜ್ ಆಗ್ತಾ ಉಕ್ಕಿ ಆಸಿಡ್ ಟ್ರೇ ಎಲ್ಲಾ ಹಾಳು ಮಾಡತ್ತೆ. ನಲ್ಲಿ ನೀರು ಬೇಡ್ವೇ ಬೇಡ. ಹೈಡ್ರೋಮೀಟರ್ (ಆಸಿಡ್ ಎಷ್ಟು ಸಾಂದ್ರ ಅಂತ ಅಳೆಯೋ ಸಾಧನ) ಇದ್ರೆ ಪ್ರತಿ ಸೆಲ್ ನೋಡಿ, ತುಂಬಿದ್ರೆ 1.265 ಹತ್ರ ಇರತ್ತೆ, ಒಂದು ಸೆಲ್ ಮಾತ್ರ ಬೇರೆಯವಕ್ಕಿಂತ 0.050ರಷ್ಟು ಕೆಳಗಿದ್ರೆ ಆ ಬ್ಯಾಟರಿ ಕಥೆ ಮುಗೀತಾ ಬಂದಿದೆ ಅಂತ. ಟರ್ಮಿನಲ್ ಮೇಲೆ ಕೂತಿರೋ ಬಿಳಿ ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ, ಮುಚ್ಚಳ ಮುಚ್ಚಿರಲಿ, ಸೋಡಾ ಒಂದು ಹನಿ ಒಳಗೆ ಹೋದ್ರೂ ಆಸಿಡ್ ಕೆಡತ್ತೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಚಾರ್ಜ್ ಆಗೋವಾಗ ಹೈಡ್ರೋಜನ್ ಬರತ್ತೆ, ಹತ್ರ ಬೆಂಕಿ ಕಿಡಿ ಬೇಡ, ಬಾಗಿಲು ತೆಗೆದಿಡಿ.

ಗಾಡೀಲೇ ಬಿಡೋದಾ, ತೆಗೆದು ಒಳಗೆ ಇಟ್ಕೊಳ್ಳೋದಾ? ಪ್ಲಗ್ ಪಾಯಿಂಟ್ ಇದ್ದು ಒಳ್ಳೇ ಮೂರು ಹಂತದ ಚಾರ್ಜರ್ ಇದ್ರೆ ಗಾಡೀಲೇ ಬಿಡಿ, ತುಂಬಿದ ಮೇಲೆ ತಾನೇ 13.2 ಇಂದ 13.6 ವೋಲ್ಟ್‌ಗೆ ಇಳಿದು ಹಿಡ್ಕೊಂಡಿರತ್ತೆ. ಹಳೇ ಗಾಡಿಗಳ ಕನ್ವರ್ಟರ್ (ಹೊರಗಿನ ಕರೆಂಟ್‌ನಿಂದ ಬ್ಯಾಟರಿ ಚಾರ್ಜ್ ಮಾಡೋ ಡಬ್ಬ) ಹಾಗಲ್ಲ, ಒಂದೇ ವೋಲ್ಟ್‌ನಲ್ಲಿ ಚಳಿಗಾಲ ಪೂರ್ತಿ ಕುದಿಸ್ತಾ ಇರತ್ತೆ, ಅದನ್ನ ನಂಬಿ ಬಿಟ್ರೆ ಬಂದು ನೋಡೋ ಹೊತ್ತಿಗೆ ನೀರು ಆರಿ ಪ್ಲೇಟ್ ಒಣಗಿರತ್ತೆ. ಪ್ಲಗ್ ಪಾಯಿಂಟ್ ಇಲ್ಲ ಅಂದ್ರೆ ತೆಗೆದುಬಿಡಿ. ಮೊದಲು ಫೋನ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೀರಿ, ಎರಡು 6 ವೋಲ್ಟ್ ಬ್ಯಾಟರಿ ಜೋಡಿಸಿರೋ ಗಾಡಿ ಆದ್ರಂತೂ ಖಂಡಿತ, ಮಧ್ಯದ ಕೇಬಲ್ ಎಲ್ಲಿಂದ ಎಲ್ಲಿಗೆ ಅಂತ ನಾಲ್ಕು ತಿಂಗಳ ಮೇಲೆ ಯಾರಿಗೂ ನೆನಪಿರಲ್ಲ. ಬಿಚ್ಚೋವಾಗ ನೆಗೆಟಿವ್ ಮೊದಲು, ಹಾಕೋವಾಗ ಪಾಸಿಟಿವ್ ಮೊದಲು. ಸೋಲಾರ್ ಇದ್ರೆ ಅದಕ್ಕಿಂತ ಮುಂಚೆ ಪ್ಯಾನೆಲ್ ವೈರ್ ಬಿಚ್ಚಿ, ಬ್ಯಾಟರಿ ಇಲ್ದೆ ಪ್ಯಾನೆಲ್ ಮಾತ್ರ ಸೇರಿಕೊಂಡಿದ್ರೆ ಕೆಲವು ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ಮಧ್ಯ ಇದ್ದು ಚಾರ್ಜ್ ಹಿಡಿತದಲ್ಲಿಡೋ ಡಬ್ಬ) ಸುಟ್ಟುಹೋಗತ್ತೆ. ತೆಗೆದಿದ್ದನ್ನ ತಂಪಾಗಿ ಒಣಗಿರೋ ಜಾಗದಲ್ಲಿ ಇಟ್ಟು ತಿಂಗಳಿಗೊಮ್ಮೆ ಅಳೆದು ಚಾರ್ಜ್ ಮಾಡಿ. ಸಿಮೆಂಟ್ ನೆಲದ ಮೇಲಿಟ್ರೆ ಚಾರ್ಜ್ ಇಳಿಯತ್ತೆ ಅಂತ ಇನ್ನೂ ಹೇಳೋರಿದಾರೆ, ಅದು ಹಳೇ ಕಾಲದ ಡಬ್ಬಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ನೆಲ ಯಾವುದಾದ್ರೂ ಒಂದೇ.

ಸೋಲಾರ್ ಇದೆ, ಅದೇ ನೋಡ್ಕೊಳ್ಳತ್ತೆ ಅಂತ ಬಿಡೋರಿಗೆ ಒಂದ್ ಮಾತು, ಪ್ಯಾನೆಲ್ ಮೇಲೆ ಹಿಮ ಕೂತ್ರೆ ಅಥವಾ ಗಾಡಿಗೆ ಕವರ್ ಹೊದಿಸಿದ್ರೆ ಬರೋದು ಸೊನ್ನೆ, ಕಂಟ್ರೋಲರ್ ಕುಡಿಯೋದು ಮಾತ್ರ ನಿಲ್ಲಲ್ಲ.

ಲಿಥಿಯಂ ಬ್ಯಾಟರಿ ಇದ್ರೆ ಮೇಲೆ ಹೇಳಿದ್ದರಲ್ಲಿ ಅರ್ಧ ಮರೆತುಬಿಡಿ. ಅದನ್ನ ತುಂಬಿಸಿ ಇಡಬಾರ್ದು, ಅರ್ಧಕ್ಕಿಂತ ಸ್ವಲ್ಪ ಮೇಲೆ ಇರೋ ಹಾಗೆ ಬಿಟ್ಟು ಎಲ್ಲಾ ಬಿಚ್ಚಿ, ತಿಂಗಳುಗಟ್ಟಲೆ ಚಾರ್ಜರ್‌ಗೆ ಹಾಕಿಡೋದೂ ಬೇಡ. ಮುಖ್ಯವಾಗಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರ್ದು, ಒಳಗೆ ಲಿಥಿಯಂ ಲೋಹ ಪದರ ಕಟ್ಟಿ ಸೆಲ್ ಶಾಶ್ವತವಾಗಿ ಹಾಳಾಗತ್ತೆ. ಒಳ್ಳೇ ಬಿಎಂಎಸ್ (ಬ್ಯಾಟರಿ ಒಳಗೇ ಇರೋ ಕಾವಲು ಸರ್ಕ್ಯೂಟ್) ಇರೋದು ತಾನೇ ತಡೆಯತ್ತೆ, ಆದ್ರೂ ಅದನ್ನ ಪರೀಕ್ಷೆ ಮಾಡೋಕೆ ಹೋಗ್ಬೇಡಿ.

ಈಗ ಜನರೇಟರ್. ಪೆಟ್ರೋಲ್‌ದಾದ್ರೆ ಶತ್ರು ಚಳಿ ಅಲ್ಲ, ಹಳಸಿದ ಪೆಟ್ರೋಲ್. ಒಂದೆರಡು ತಿಂಗಳಲ್ಲೇ ಪೆಟ್ರೋಲ್ ಕೆಡೋಕೆ ಶುರುವಾಗತ್ತೆ, ಕಾರ್ಬೊರೇಟರ್‌ನಲ್ಲಿ ನಿಂತಿರೋದು ಆರಿ ಅಂಟು ಆಗಿ ಸೂಜಿ ಮೊನೆಯಷ್ಟಿರೋ ಜೆಟ್ ಮುಚ್ಕೊಳ್ಳತ್ತೆ. ಎಥನಾಲ್ ಬೆರೆತಿದ್ರೆ ಗಾಳಿಯ ತೇವಾನೂ ಹೀರ್ಕೊಳ್ಳತ್ತೆ. ಕೊನೇ ಸಲ ಬಂಕ್‌ಗೆ ಹೋದಾಗ ಮೊದಲು ಬಾಟಲ್ ಮೇಲಿನ ಅಳತೆ ನೋಡಿ ಫ್ಯೂಯಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದ ಹಾಗೆ ನೋಡ್ಕೊಳ್ಳೋ ದ್ರವ) ಹಾಕಿ, ಮೇಲಿಂದ ಟ್ಯಾಂಕ್ ತುಂಬಿಸಿ, ಮನೆಗೆ ಓಡಿಸ್ಕೊಂಡು ಬರೋ ಅಷ್ಟರಲ್ಲಿ ಕಲೆತಿರತ್ತೆ. ಇಲ್ಲಿಗೇ ನಿಲ್ಲಿಸೋರು ತುಂಬಾ ಜನ. ಸ್ಟೆಬಿಲೈಸರ್ ಟ್ಯಾಂಕ್‌ನಲ್ಲಿದ್ರೆ ಸಾಲ್ದು, ಕಾರ್ಬೊರೇಟರ್ ಒಳಗೆ ಹೋಗ್ಬೇಕು, ಅದಕ್ಕೆ ಜನರೇಟರ್ ಹಾಕಿ 15-20 ನಿಮಿಷ ಓಡಿಸಿ. ಹಾಂ, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ರೆ ಎಷ್ಟೋ ಗಾಡೀಲಿ ಜನರೇಟರ್‌ಗೆ ಪೆಟ್ರೋಲ್ ಸಿಗಲ್ಲ, ನೀವು ದಾರೀಲಿ ಸಿಕ್ಕಿಹಾಕ್ಕೋಬಾರ್ದು ಅಂತ ಪೈಪ್‌ನ ಬೇಕಂತಲೇ ಮೇಲೆ ಇಟ್ಟಿರ್ತಾರೆ. ಇದು ಗೊತ್ತಿಲ್ದೆ ಮೆಕ್ಯಾನಿಕ್‌ನ ಕರೆಸಿದೋರಲ್ಲಿ ನಾನೂ ಒಬ್ಬ. ಕೈಯಲ್ಲಿ ಎತ್ಕೊಂಡು ಹೋಗೋ ಸಣ್ಣ ಜನರೇಟರ್ ಆದ್ರೆ ಟ್ಯಾಂಕ್ ಖಾಲಿ ಮಾಡಿ, ತಾನೇ ಕೆಮ್ಮಿ ನಿಲ್ಲೋ ತನಕ ಓಡಿಸಿ. ಎಲ್‌ಪಿಜಿಯದ್ದಕ್ಕೆ ಈ ಅಂಟಿನ ತಲೆನೋವು ಇಲ್ಲ. ಡೀಸೆಲ್ ಆದ್ರೆ ಚಳಿಗಾಲದ ಡೀಸೆಲ್ ತುಂಬಿಸಿ ಇಡಿ, ಇಲ್ದಿದ್ರೆ ಮೇಣ ಕಟ್ಟಿ ಫಿಲ್ಟರ್ ಮುಚ್ಚತ್ತೆ.

ತಿಂಗಳಿಗೊಂದು ಸಲ ಹೋಗೋಕಾದ್ರೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಸುಮ್ನೆ ಐದು ನಿಮಿಷ ಬುರ್ ಅನ್ಸಿ ಆಫ್ ಮಾಡೋದಾದ್ರೆ ಹೋಗದೇ ಇರೋದೇ ವಾಸಿ, ಆಯಿಲ್ ಬಿಸಿ ಆಗಲ್ಲ, ಒಳಗೆ ಕಟ್ಟಿದ ನೀರು ಆವಿ ಆಗಲ್ಲ, ತುಕ್ಕಿಗೆ ನೀವೇ ನೀರು ಹಾಕಿದ ಹಾಗೆ. ಬ್ಯಾಟರಿ ಕೇಬಲ್ ಬಿಚ್ಚಿದ್ರೆ ಮೊದಲು ಅದನ್ನ ಹಾಕಿ, ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಲೋಡ್ ಇಲ್ದೆ ಬಿಡಿ, ಆಮೇಲೆ ಅರ್ಧ ಲೋಡ್ ಕೊಟ್ಟು ಒಂದೆರಡು ಗಂಟೆ ಓಡಿಸಿ. 4000 ವ್ಯಾಟ್ ಜನರೇಟರ್ ಆದ್ರೆ 1000 ವ್ಯಾಟ್‌ನ ಎರಡು ರೂಮ್ ಹೀಟರ್ ಹಾಕಿದ್ರೆ ಲೆಕ್ಕ ಸರಿಹೋಗತ್ತೆ, ಒಳಗಿನ ವೈಂಡಿಂಗ್ ತೇವಾನೂ ಆರತ್ತೆ, ಹೌಸ್ ಬ್ಯಾಟರಿಗೂ ಊಟ ಆಗತ್ತೆ. ಆಫ್ ಮಾಡೋಕೆ ಮುಂಚೆ ಮತ್ತೆ ಲೋಡ್ ತೆಗೆದು ಎರಡು ನಿಮಿಷ. ಗಾಡಿ ಶೆಡ್ ಒಳಗಿದ್ರೆ ಹೊರಗೆ ತಂದೇ ಸ್ಟಾರ್ಟ್ ಮಾಡಿ, ಬಾಗಿಲು ತೆಗೆದಿದೆ ಅನ್ನೋದು ಸಾಲ್ದು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಸೈಲೆನ್ಸರ್ ಬಾಯಿ ಸುತ್ತ ಹಿಮ ಬಿದ್ದಿದ್ರೆ ಗೋರಿ ತೆಗೀರಿ.

ಹೋಗೋಕಾಗಲ್ಲ, ನಾಲ್ಕೈದು ತಿಂಗಳು ಬೀಗ ಅಂದ್ರೆ ಪೂರ್ತಿ ಮಲಗಿಸಿಬಿಡಿ. ಸ್ಟೆಬಿಲೈಸರ್ ಹಾಕಿ ಓಡಿಸಿ ಇನ್ನೂ ಬಿಸಿ ಇರೋವಾಗ್ಲೇ ಆಯಿಲ್ ಚೇಂಜ್ ಮಾಡಿ, ಹಳೇ ಆಯಿಲ್‌ನಲ್ಲಿರೋ ಆಸಿಡ್, ನೀರು ಚಳಿಗಾಲ ಪೂರ್ತಿ ಬೇರಿಂಗ್ ಜೊತೆ ಸಂಸಾರ ಮಾಡೋದು ಬೇಡ. ಪೆಟ್ರೋಲ್ ಜನರೇಟರ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ನ ಇಂಜಿನ್ ಬಾಡಿಗೆ ತಾಗಿಸಿ ಕಟ್ಟಿ, ಪ್ರತಿ ಸಿಲಿಂಡರ್‌ಗೆ ಒಂದು ದೊಡ್ಡ ಚಮಚ ಇಂಜಿನ್ ಆಯಿಲ್ ಹಾಕಿ, ಎರಡು ಮೂರು ಸುತ್ತು ತಿರುಗಿಸಿ ಪ್ಲಗ್ ವಾಪಸ್ ಹಾಕಿ. ಇಲಿಗಳಿಗೆ ಜನರೇಟರ್ ಡಬ್ಬ ಅಂದ್ರೆ ಬಿಟ್ಟಿ ಮನೆ, ವೈರ್ ಕಡಿದು ಗೂಡು ಮಾಡ್ತವೆ, ಅದಕ್ಕೆ ಸೈಲೆನ್ಸರ್ ಬಾಯಿಗೆ ಸ್ಟೀಲ್ ವುಲ್ ತುರುಕಿ, ಸ್ಟಾರ್ಟ್ ಬಟನ್ ಮೇಲೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ನೆನಪಿಟ್ಕೋತೀನಿ ಅನ್ನೋ ಮಾತು ಬೇಡ.

ಚಳಿ ಮುಗಿದು ಬಂದಾಗ ಮೊದಲು ಆ ಸ್ಟೀಲ್ ವುಲ್ ತೆಗೀರಿ, ಡಬ್ಬ ತೆಗೆದು ಗೂಡು ಇದೆಯಾ ನೋಡಿ, ಏರ್ ಫಿಲ್ಟರ್, ಆಯಿಲ್ ಲೆವೆಲ್ ನೋಡಿ. ಬ್ಯಾಟರಿ ಚಾರ್ಜ್ ಮಾಡಿ ಕೇಬಲ್ ಹಾಕಿದ ಮೇಲೇ ಜನರೇಟರ್ ಬಟನ್ ಒತ್ತಿ. ಒಂದೇ ಸಮ ಒತ್ತಿ ಹಿಡೀಬೇಡಿ, ಏಳೆಂಟು ಸೆಕೆಂಡ್ ತಿರುಗಿಸಿ, ಸ್ವಲ್ಪ ಬಿಟ್ಟು ಮತ್ತೆ, ಪೆಟ್ರೋಲ್ ಪೈಪ್‌ನಲ್ಲಿ ಬರೋಕೆ ಟೈಮ್ ಬೇಕು. ಸಿಲಿಂಡರ್‌ಗೆ ಹಾಕಿದ ಆಯಿಲ್ ಉರಿದು ಮೊದಲು ಬಿಳಿ ಹೊಗೆ ಬರತ್ತೆ, ಗಾಬರಿ ಬೇಡ. ಹೌಸ್ ಬ್ಯಾಟರಿಗೆ ಕಸುವಿಲ್ದೆ ಗುಂಯ್ ಅಂತ ನಿಂತ್ರೆ ಡ್ಯಾಶ್‌ಬೋರ್ಡ್ ಮೇಲೆ ಎಮರ್ಜೆನ್ಸಿ ಸ್ಟಾರ್ಟ್ ಅನ್ನೋ ಸ್ವಿಚ್ ಇದೆಯಾ ಹುಡುಕಿ, ಅದು ಎರಡೂ ಬ್ಯಾಟರಿ ಲೈನ್ ಸೇರಿಸತ್ತೆ, ಇಂಜಿನ್ ಸ್ಟಾರ್ಟ್ ಮಾಡಿಟ್ಟು ಅದನ್ನ ಒತ್ತಿ ಹಿಡಿದು ಜನರೇಟರ್ ಬಟನ್ ಒತ್ತಿದ್ರೆ ಸಾಮಾನ್ಯವಾಗಿ ಎದ್ದುಬಿಡತ್ತೆ.